ಬಡವರ ಬಾಯಾದ ಗುರುಪೀಠ



ಮುಕ್ತಿ ಎಂಬ ಶಬ್ದವು ಸಂಸ್ಕೃತದ ‘ಮುಚ್’ ಧಾತುವಿನಿಂದ ಬಂದದ್ದು. ಕಟ್ಟು ಬಿಚ್ಚುವುದು, ಬಿಡಿಸುವುದು ಎಂದು ಅದರ ಅರ್ಥ. ಕಟ್ಟು ಯಾವುದೆಂದು ಅರಿಯದವನು ಮುಕ್ತಿಯನ್ನು ಬೋಧಿಸಿ ಏನು ಫಲ? ಹಸಿದವನ ಕಟ್ಟು ಯಾವುದು? ಈ ಪ್ರಶ್ನೆಯನ್ನು ಲ್ಯಾಟಿನ್ ಅಮೇರಿಕಾದ ಕ್ರೈಸ್ತ ಗುರುಗಳು ತಮಗೆ ತಾವೇ ಕೇಳಿಕೊಂಡರು. ಆ ಇತಿಹಾಸವನ್ನು ಇಂದು ತಮ್ಮ ಮುಂದಿಡುತ್ತೇವೆ.

1492ರಲ್ಲಿ ಕೊಲಂಬಸನು ಆ ನಾಡನ್ನು ಮುಟ್ಟಿದನು. ಅವನ ಬೆನ್ನಿಗೆ ಸ್ಪೇನ್ ದೊರೆಗಳ ಖಡ್ಗವೂ ಬಂತು, ಶಿಲುಬೆಯೂ ಬಂತು. ಮೂಲನಿವಾಸಿಗಳು ನೆಲ ಕಳೆದುಕೊಂಡು, ಚಿನ್ನದ ಗಣಿಗಳಲ್ಲಿ ದುಡಿದು ಸತ್ತರು. 1511ರ ಡಿಸೆಂಬರಿನಲ್ಲಿ ಹಿಸ್ಪಾನಿಯೋಲಾ ದ್ವೀಪದಲ್ಲಿ ಮಾಂಟೆಸಿನೋಸ್ ಎಂಬ ಸನ್ಯಾಸಿಯು, ಒಡೆಯರೇ ಎದುರಿಗೆ ಕುಳಿತ ಸಭೆಯಲ್ಲಿ, ಇವರೂ ಮನುಷ್ಯರಲ್ಲವೇ ಎಂದು ಕೇಳಿಬಿಟ್ಟನು. ಸಭೆ ಕೆರಳಿತು. ಲಾಸ್ ಕಾಸಾಸ್ ಎಂಬ ಪಾದ್ರಿಯೂ ಅಂಥ ಆಳುಗಳ ಒಡೆಯನೇ ಆಗಿದ್ದನು. 1514ರಲ್ಲಿ ಅವನು ಅವರನ್ನು ಬಿಟ್ಟುಕೊಟ್ಟು, ಉಳಿದ ಆಯುಷ್ಯವನ್ನು ಮೂಲನಿವಾಸಿಗಳ ಪರವಾದ ವಾದಕ್ಕೇ ಸವೆಸಿದನು.

ಮುಂದೆ ಸ್ಪೇನಿನ ಆಳ್ವಿಕೆ ಹೋಯಿತು; ಭೂಮಿ ಮಾತ್ರ ಕೆಲವೇ ಮನೆತನಗಳ ಕೈಯಲ್ಲಿ ಉಳಿಯಿತು. ಅವುಗಳ ಬೆನ್ನಿಗೆ ಅಮೇರಿಕಾ ಸಂಯುಕ್ತ ಸಂಸ್ಥಾನದ ಬಲ ನಿಂತಿತು. 1968ರಲ್ಲಿ ಕೊಲಂಬಿಯಾದ ಮೆಡೆಲಿನ್ ನಗರದಲ್ಲಿ ಸೇರಿದ ಧರ್ಮಾಧ್ಯಕ್ಷರು ಬಡತನವನ್ನು ಅನ್ಯಾಯವೆಂದು ಕರೆದರು. 1971ರಲ್ಲಿ ಪೆರು ದೇಶದ ಗುಸ್ತಾವೊ ಗುಟಿಯೆರೆಜ್ ತಮ್ಮ ಗ್ರಂಥದಲ್ಲಿ ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟರು. ಅದೇ ವಿಮೋಚನಾ ದೈವಶಾಸ್ತ್ರ. ಬಡತನ ವಿಧಿಯ ಬರಹವಲ್ಲ, ಮನುಷ್ಯರು ಕಟ್ಟಿದ್ದು. ಮನುಷ್ಯರೇ ಬಿಚ್ಚಬೇಕು ಎಂಬುದು ಅದರ ಸಾರ.

ಎಲ್ ಸಾಲ್ವಡಾರ್ ಎಂಬ ಚಿಕ್ಕ ದೇಶದ ಆಸ್ಕರ್ ರೊಮೆರೊ ಅವರಿಗೆ ಈ ಹೊಸ ಶಾಸ್ತ್ರದ ಬಗೆಗೆ ಶಂಕೆಯೇ ಇತ್ತು. ಪುಸ್ತಕಪ್ರಿಯರು, ಮೃದುಸ್ವಭಾವದವರು. 1977ರ ಫೆಬ್ರವರಿಯಲ್ಲಿ ಅವರು ಮಹಾಧರ್ಮಾಧ್ಯಕ್ಷರಾದಾಗ ಶ್ರೀಮಂತರಿಗೆ ಸಂತೋಷವಾಯಿತು. ಮೂರು ವಾರ ತುಂಬುವುದರೊಳಗೆ, ಮಾರ್ಚ್ 12ರಂದು, ಕಬ್ಬಿನ ಗದ್ದೆಯ ಕೂಲಿಗಳ ನಡುವೆ ದುಡಿಯುತ್ತಿದ್ದ ಅವರ ಸ್ನೇಹಿತ ಪಾದ್ರಿ ರುತಿಲಿಯೊ ಗ್ರಾಂದೆ ಅವರನ್ನು ದಾರಿಯಲ್ಲಿ ಗುಂಡಿಕ್ಕಿ ಕೊಂದರು. ಜೊತೆಗಿದ್ದ ಒಬ್ಬ ಮುದುಕನೂ ಒಬ್ಬ ಹುಡುಗನೂ ಸತ್ತರು. ರೊಮೆರೊ ಆ ರಾತ್ರಿ ಶವಗಳ ಬಳಿಗೆ ಹೋದರು. ಅಲ್ಲಿ ಅವರ ಬದುಕು ತಿರುಗಿತು. ಸರಕಾರದ ಸಮಾರಂಭಗಳಿಗೆ ಹೋಗುವುದನ್ನು ಬಿಟ್ಟರು. ಭಾನುವಾರದ ಉಪದೇಶದಲ್ಲಿ ಆ ವಾರ ಕೊಲೆಯಾದವರ, ಕಾಣೆಯಾದವರ ಹೆಸರುಗಳನ್ನು ಓದತೊಡಗಿದರು. ರೇಡಿಯೊದಲ್ಲಿ ನಾಡೇ ಅದನ್ನು ಕೇಳಿತು. 1980ರ ಫೆಬ್ರವರಿಯಲ್ಲಿ, ಸೈನ್ಯಕ್ಕೆ ನೆರವು ಕೊಡಬೇಡಿರೆಂದು ಅಮೇರಿಕಾದ ಅಧ್ಯಕ್ಷ ಕಾರ್ಟರ್ ಅವರಿಗೇ ಪತ್ರ ಬರೆದರು. ಮಾರ್ಚ್ 23ರಂದು, ಕೊಲ್ಲುವ ಆಜ್ಞೆಯನ್ನು ಪಾಲಿಸಬೇಡಿರೆಂದು ಸೈನಿಕರಿಗೆ ಹೇಳಿದರು. ಮರುದಿನ ಸಂಜೆ, ಕ್ಯಾನ್ಸರ್ ರೋಗಿಗಳ ಆಸ್ಪತ್ರೆಯ ಪ್ರಾರ್ಥನಾಮಂದಿರದಲ್ಲಿ, ಪೂಜೆಯಲ್ಲಿದ್ದಾಗಲೇ ಅವರ ಎದೆಗೆ ಗುಂಡು ಬಿತ್ತು.

ಅಲ್ಲಿಯ ಅಂತರ್ಯುದ್ಧ 1992ರವರೆಗೆ ನಡೆದು ಸುಮಾರು 75,000 ಜನರನ್ನು ಬಲಿ ತೆಗೆದುಕೊಂಡಿತು. 1984ರಲ್ಲಿ ವ್ಯಾಟಿಕನ್, ಈ ದೈವಶಾಸ್ತ್ರದ ಕೆಲವು ಧಾರೆಗಳು ಮಾರ್ಕ್ಸ್‌ವಾದವನ್ನು ವಿಮರ್ಶೆಯಿಲ್ಲದೆ ಎರವಲು ತಂದಿವೆಯೆಂದು ಎಚ್ಚರಿಸಿತು. ಅದೇ ವ್ಯಾಟಿಕನ್ 2018ರಲ್ಲಿ ರೊಮೆರೊ ಅವರನ್ನು ಸಂತರೆಂದು ಘೋಷಿಸಿತು.

ಬಂಧುಗಳೇ, ಖಡ್ಗದ ಜೊತೆಗೆ ಬಂದ ಧರ್ಮವೇ ಖಡ್ಗವನ್ನು ಪ್ರಶ್ನಿಸಿತು. ಧರ್ಮದ ಬೆಲೆ ತಿಳಿಯುವುದು ಅದರ ಗುರು ಯಾರ ಪಕ್ಕದಲ್ಲಿ ನಿಂತಿದ್ದಾನೆ ಎಂಬುದರಿಂದ. ಕಲ್ಯಾಣದ ಹರಳಯ್ಯ ಮಧುವರಸರನ್ನು ನಾವು ನೆನೆಯುತ್ತೇವೆ, ನೆನೆಯುವುದು ಸುಲಭ. ನಮ್ಮ ಪೀಠಕ್ಕೂ ದೊಡ್ಡವರ ಕಾಣಿಕೆ ಬರುತ್ತದೆ. ಮುಂದಿನ ಸಾಲಿನಲ್ಲಿ ಅವರೇ ಕೂಡುತ್ತಾರೆ. ಅವರ ಹೊಲದ ಕೂಲಿಯವನು ಅಳುತ್ತ ಬಂದ ದಿನ ನಾವು ಎದ್ದು ಅವನ ಬಳಿಗೆ ಹೋದೆವೋ, ಕಾಣಿಕೆಯನ್ನು ನೆನೆದು ಸುಮ್ಮನಿದ್ದೆವೋ? ಈ ಪ್ರಶ್ನೆಯನ್ನು ಮೊದಲು ನಮಗೇ ಕೇಳಿಕೊಳ್ಳುತ್ತೇವೆ. ತಾವೂ ನಮ್ಮನ್ನು ಕೇಳಬೇಕು.