ಹಿಂದಿನ ಚಕ್ರದ ಹದಿನೆಂಟು ಗುಂಡು

ಹಾಲಿನ ಕ್ಯಾನು, ಹುಲ್ಲಿನ ಹೊರೆ, ಮೇಲೊಬ್ಬ ಸವಾರ. ಕರಿ ಸೈಕಲ್ಲಿಗೆ ಹೇರಿದ ಭಾರದಲ್ಲಿ ಹೆಚ್ಚಿನ ಪಾಲು ಬಂದು ಕೂರುವುದು ಹಿಂದಿನ ಹಬ್‌ನ ಹದಿನೆಂಟು ಉಕ್ಕಿನ ಗುಂಡುಗಳ ಮೇಲೆ. ಪಕ್ಕಕ್ಕೆ ಒಂಬತ್ತು, ಒಂದೊಂದೂ ಕಾಲು ಇಂಚು.

ಮೊದಮೊದಲ ಸೈಕಲ್ಲುಗಳಿಗೆ ಗುಂಡುಗಳಿರಲಿಲ್ಲ. ಎತ್ತಿನ ಗಾಡಿಯಂತೆ ಅಚ್ಚಿಗೇ ಉಜ್ಜಿಕೊಂಡು ಚಕ್ರ ತಿರುಗುತ್ತಿತ್ತು. 1869ರಲ್ಲಿ ಪ್ಯಾರಿಸ್ಸಿನ ಜೂಲ್ ಸುರಿರೇ ಸೈಕಲ್ಲಿನ ಗುಂಡಿನ ಬೇರಿಂಗಿಗೆ ಪೇಟೆಂಟ್ ಪಡೆದ. ಅದೇ ನವೆಂಬರಿನಲ್ಲಿ ಪ್ಯಾರಿಸ್ಸಿನಿಂದ ರೂಆನ್ ನಗರಕ್ಕೆ 123 ಕಿಲೋಮೀಟರಿನ ಪಂದ್ಯ ನಡೆಯಿತು. ಗೆದ್ದ ಜೇಮ್ಸ್ ಮೂರ್‌ನ ಸೈಕಲ್ಲಿನಲ್ಲಿ ಇಂಥ ಗುಂಡುಗಳಿದ್ದವೆಂದು ಹೇಳುತ್ತಾರೆ. ತೊಡಕಿದ್ದದ್ದು ಗುಂಡುಗಳನ್ನು ಸಮನಾಗಿ ಮಾಡುವುದರಲ್ಲಿ. ಒಂದು ಕೂದಲೆಳೆಯಷ್ಟು ದಪ್ಪವಾದರೂ ಉಳಿದವುಗಳ ಭಾರವನ್ನೂ ಅದೇ ಹೊರಬೇಕು. 1883ರಲ್ಲಿ ಜರ್ಮನಿಯ ಶ್ವೈನ್‌ಫುರ್ಟ್ ಊರಿನ ಫ್ರೀಡ್ರಿಕ್ ಫಿಷರ್ ಗುಂಡುಗಳನ್ನು ಒಂದೇ ಅಳತೆಗೆ ಅರೆಯುವ ಯಂತ್ರ ಮಾಡಿದ. ಒಂದು ಗುಂಡು ಕೆಟ್ಟರೂ ಒಂಬತ್ತನ್ನೂ ಬದಲಿಸೋಣ ಎಂದು ಮೇಸ್ತ್ರಿ ಹೇಳಿದರೆ ಅದು ಲಾಭದ ಆಸೆಗಲ್ಲ.

ಈಗ ಹಬ್ ಬಿಚ್ಚೋಣ. (ಗಡಿಯ ಆಚೆಗೂ ಈಚೆಗೂ ಭಾಷೆ ಬೇರೆಯಾದರೂ ಹಬ್, ಕೋನ್, ಫ್ರೀವೀಲ್ ಬೇರೆಯಾಗಿಲ್ಲ!) ಕೆಳಗೆ ಬಟ್ಟೆ ಹಾಸಿ, ಎಡಗಡೆಯ ನಟ್ಟು, ಕೋನ್ ತೆಗೆದು, ಅಚ್ಚನ್ನು ಮೆಲ್ಲಗೆ ಎಳೆಯಿರಿ. ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಮೊದಲು ನೋಡಬೇಕಾದದ್ದು ಕೋನ್. ಹಬ್ ತಿರುಗುತ್ತದೆ, ಕೋನ್ ತಿರುಗುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಭಾರ ಬೀಳುವುದು ಅದರ ಕೆಳಮೈಯ ಒಂದೇ ಜಾಗಕ್ಕೆ. ಸಿಡುಬಿನ ಕಲೆಯಂಥ ಕುಳಿಗಳು ಅಲ್ಲೇ ಏಳುತ್ತವೆ. ಕಣ್ಣಿಗೆ ಕಾಣದಿದ್ದರೆ ಬಾಲ್‌ಪೆನ್ನಿನ ತುದಿ ಆಡಿಸಿ; ಕುಳಿಯಿದ್ದಲ್ಲಿ ತಡೆಯುತ್ತದೆ. ಕೋನ್ ಅಗ್ಗ. ಅದನ್ನು ಅಲಕ್ಷಿಸಿ ಒಳಗಿನ ಕಪ್ಪು ಕೆಟ್ಟರೆ ಹಬ್ಬೇ ಹೋಯಿತು. ಕಡ್ಡಿಗಳನ್ನೆಲ್ಲ ಬಿಚ್ಚಿ ಚಕ್ರವನ್ನು ಮತ್ತೆ ಹೆಣೆಯಬೇಕು. ಅಷ್ಟು ದಿನ ಹಾಲು ಡೇರಿಗೆ ಹೋಗುವುದು ಹೇಗೆ?

ಅಚ್ಚನ್ನು ಗಾಜಿನ ಮೇಲೆ ಉರುಳಿಸಿ. ಕುಣಿದರೆ ಬಾಗಿದೆ ಎಂದರ್ಥ. ಬಾಗುವುದು ಹೆಚ್ಚಾಗಿ ಬಲಗಡೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಳಕೆಗೆ ಬಂದ ಫ್ರೀವೀಲ್ ಇಳಿಜಾರಿನಲ್ಲಿ ಕಾಲಿಗೆ ವಿಶ್ರಾಂತಿ ಕೊಟ್ಟಿತು, ನಿಜ. ಆದರೆ ಗುಂಡುಗಳಿಂದ ಹೊರಗೆ ಕೂತು, ಆ ಕಡೆ ಆಸರೆಯಿಲ್ಲದ ಅಚ್ಚಿನ ಉದ್ದ ಹೆಚ್ಚಿಸಿತು. ಗೇರ್ ಸೈಕಲ್ಲುಗಳಲ್ಲಿ ಫ್ರೀವೀಲ್ ಅಗಲವಾದಂತೆ ಕಾಟವೂ ಹೆಚ್ಚಿತು. 1978ರಲ್ಲಿ ಜಪಾನಿನ ಶಿಮಾನೊ ಕಂಪನಿ ಬಲಗಡೆಯ ಗುಂಡುಗಳನ್ನೇ ಹೊರಕ್ಕೆ ಸರಿಸಿದ ಹಬ್ ತಂದಿತು. ನಮ್ಮ ಕರಿ ಸೈಕಲ್ಲು ಹಳೆಯ ಕಟ್ಟಿನಲ್ಲೇ ಉಳಿಯಿತು.

ಹೊಸ ಗ್ರೀಸಿನಲ್ಲಿ ಗುಂಡುಗಳನ್ನು ಎಣಿಸಿ ಕೂರಿಸಿ. ಸರಪಳಿ ಹಾಕುವ ಮುನ್ನ ಅಚ್ಚಿನ ಎರಡೂ ತುದಿ ಹಿಡಿದು ಚಕ್ರ ಎತ್ತಿ. ಅಲುಗಾಟವಿಲ್ಲದೆ, ವಾಲ್ವಿನ ಭಾರಕ್ಕೇ ತಿರುಗಿ ವಾಲ್ವ್ ಕೆಳಗೆ ಬಂದು ನಿಂತರೆ ಕೋನ್ ಬಿಗಿತ ಸರಿಯಾಗಿದೆ.