ಕರೆದಾಗ ಮಾತ್ರ ಓಗೊಡುವ ಯಂತ್ರಗಳು



ಯಂತ್ರಗಳು ಪರಸ್ಪರ ಸಂವಾದ ನಡೆಸುವುದು ಇಂದು ಅಚ್ಚರಿಯ ಸಂಗತಿಯಲ್ಲ. ಆದರೆ ಆ ಸಂವಾದಕ್ಕೆ ವ್ಯಾಕರಣವೊಂದು ಒದಗಿದ ಬಗೆಯನ್ನರಿಯಲು ನಾವು ಅಮೆರಿಕದ ಮೋಟಾರು ಕಾರ್ಖಾನೆಗಳತ್ತ ನೋಡಬೇಕಾಗುತ್ತದೆ.

1960ರ ದಶಕದಲ್ಲಿ ಅಲ್ಲಿನ ಯಂತ್ರಗಳನ್ನು ಸಾಲುಸಾಲು ರಿಲೇಗಳು ನಿಯಂತ್ರಿಸುತ್ತಿದ್ದವು. ಕಾರಿನ ಮಾದರಿ ಬದಲಾದರೆ ತಂತಿಗಳನ್ನು ಬಿಚ್ಚಿ ಹೊಸದಾಗಿ ಜೋಡಿಸಬೇಕಿತ್ತು. 1968ರಲ್ಲಿ ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗವು ಇದಕ್ಕೆ ಪರ್ಯಾಯವನ್ನು ಬಯಸಿತು. ಡಿಕ್ ಮಾರ್ಲಿ ಮತ್ತು ಅವರ ಸಂಗಡಿಗರು ಮೆಸಾಚುಸೆಟ್ಸ್‌ನಲ್ಲಿ ರೂಪಿಸಿದ ‘ಮೋಡಿಕಾನ್ 084’ ಎಂಬ ನಿಯಂತ್ರಕದಲ್ಲಿ ತಂತಿಗಳ ಬದಲು ಪ್ರೋಗ್ರಾಮನ್ನು ತಿದ್ದಿದರೆ ಸಾಕಾಗಿತ್ತು. ಇಂಥ ನಿಯಂತ್ರಕಗಳು ಹೆಚ್ಚಿದಂತೆ ಅವುಗಳ ನಡುವೆ ವಾರ್ತೆ ಸಾಗಿಸುವ ಅಗತ್ಯವೂ ತಲೆದೋರಿತು. ಆ ಅಗತ್ಯವನ್ನು ಪೂರೈಸಲು ಮೋಡಿಕಾನ್ ಸಂಸ್ಥೆ 1979ರಲ್ಲಿ ‘ಮೋಡ್‌ಬಸ್’ ಎಂಬ ನಿಯಮಾವಳಿಯನ್ನು ಪ್ರಕಟಿಸಿತು.

ಇದರ ಶಿಸ್ತು ಶಾಲೆಯಲ್ಲಿ ಹಾಜರಿ ಕರೆಯುವಂಥದು. ತಂತಿಯ ಮೇಲೆ ಯಜಮಾನ ಒಬ್ಬನೇ. ಉಳಿದವರು ಕರೆದಾಗ ಮಾತ್ರ ಓಗೊಡುವ ಅನುಚರರು. ಅವರಿಗೆ 1ರಿಂದ 247ರವರೆಗಿನ ಸಂಖ್ಯೆಗಳೇ ಹೆಸರು. ಬಿಟ್‌ಗಳು ಒಂದರ ಹಿಂದೊಂದರಂತೆ ಸಾಗುವ ಪ್ರತಿ ಸಂದೇಶದಲ್ಲೂ ಮೊದಲು ಅನುಚರನ ಸಂಖ್ಯೆ, ಬಳಿಕ ಮಾಡಬೇಕಾದ ಕೆಲಸ, ಅದರ ವಿವರ, ಕಡೆಗೆ ತಪ್ಪು ಪತ್ತೆಮಾಡುವ 16 ಬಿಟ್‌ಗಳ ತಾಳೆ ಇರುತ್ತವೆ. ಮೂರೂವರೆ ಅಕ್ಷರಗಳು ಸಾಗುವಷ್ಟು ಹೊತ್ತಿನ ಮೌನವೇ ಪೂರ್ಣವಿರಾಮ. ತಾಳೆ ತಪ್ಪಿದರೆ ಅನುಚರ ಸುಮ್ಮನಿರುತ್ತಾನೆ. ಯಜಮಾನ ಕೊಂಚ ಕಾದು ಮತ್ತೆ ಕೇಳಬಹುದು.

ಆರ್‌ಎಸ್-232 ಸಂಪರ್ಕ ಎರಡೇ ಉಪಕರಣಗಳನ್ನು ಸಮೀಪದಲ್ಲಿ ಬೆಸೆಯುತ್ತಿತ್ತು. 1983ರ ಆರ್‌ಎಸ್-485 ಮಾನಕವಾದರೋ ಒಂದು ಜೋಡಿ ತಂತಿಯ ಮೇಲೆ 32 ಉಪಕರಣಗಳಿಗೆ, ಸುಮಾರು 1200 ಮೀಟರುಗಳವರೆಗೆ ಎಡೆಮಾಡಿತು. ಎರಡು ತಂತಿಗಳ ವೋಲ್ಟೇಜಿನ ಅಂತರವೇ ಅಲ್ಲಿ ಸಂಕೇತ. ಮೋಟಾರುಗಳ ವಿದ್ಯುತ್ ಗದ್ದಲ ಎರಡನ್ನೂ ಹೆಚ್ಚುಕಡಿಮೆ ಸಮನಾಗಿ ತಟ್ಟುವುದರಿಂದ ಅಂತರ ಕೆಡುವುದಿಲ್ಲ.

ನಿಯಮಾವಳಿ ಸರಳವಾಗಿತ್ತು, ಎಲ್ಲರಿಗೂ ಮುಕ್ತವಾಗಿತ್ತು. ಆದ್ದರಿಂದ ಪ್ರತಿಸ್ಪರ್ಧಿ ಸಂಸ್ಥೆಗಳೂ ಅದನ್ನು ಸ್ವೀಕರಿಸಿದವು. ಆದರೆ ಸರಳತೆಗೆ ಇನ್ನೊಂದು ಮುಖವಿದೆ. ಸಂದೇಶ ಕೆಟ್ಟಿದೆಯೇ ಎಂದು ಮೋಡ್‌ಬಸ್ ಪರೀಕ್ಷಿಸುತ್ತದೆ; ‘ನೀನು ಯಾರು?’ ಎಂದು ಕೇಳುವುದೇ ಇಲ್ಲ. ಕಾರ್ಖಾನೆಯ ಗೋಡೆಯೊಳಗೆ ಆ ಪ್ರಶ್ನೆಯ ಅಗತ್ಯ ಕಾಣಲಿಲ್ಲ. 1999ರಲ್ಲಿ ಅದೇ ಭಾಷೆ ಇಂಟರ್‌ನೆಟ್ಟಿನ ಟಿಸಿಪಿ ಹಾದಿಗೆ ಇಳಿದಾಗ ಗೋಡೆಯ ರಕ್ಷಣೆ ತಪ್ಪಿತು. 2024ರ ಜನವರಿಯ ಕೊರೆಯುವ ಚಳಿಯಲ್ಲಿ ಉಕ್ರೇನಿನ ಲ್ವಿವ್ ನಗರದ 600ಕ್ಕೂ ಹೆಚ್ಚು ವಸತಿ ಕಟ್ಟಡಗಳು ಎರಡು ದಿನಗಳ ಮಟ್ಟಿಗೆ ಶಾಖವಿಲ್ಲದೆ ನರಳಿದವು. ದಾಳಿಕೋರರು ಶಾಖ ನಿಯಂತ್ರಕಗಳಿಗೆ ಮೋಡ್‌ಬಸ್ ಆಜ್ಞೆಗಳನ್ನೇ ಕಳುಹಿಸಿದ್ದರು.

ಗುರುತನ್ನು ಪರೀಕ್ಷಿಸುವ ಸುರಕ್ಷಿತ ರೂಪ 2018ರಲ್ಲೇ ಪ್ರಕಟವಾಗಿತ್ತು. ಆದರೆ ದಶಕಗಳ ಕಾಲ ಬಾಳುವ ಉಪಕರಣಗಳನ್ನು ಒಮ್ಮೆಗೇ ಬದಲಿಸಲಾಗದು. ಒಂದು ಆವರಣದ ವಿಶ್ವಾಸವನ್ನು ನೆಚ್ಚಿ ಕಟ್ಟಿದುದನ್ನು ಬಯಲಿಗೆ ತರುವಾಗ ಕಾವಲನ್ನೂ ಜೊತೆಗೆ ತರಬೇಕು. ಈ ಪುಟ್ಟ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ ಇದೇ.