ಗಾಳಿ ಮತ್ತು ಚಂಡಮಾರುತಗಳಿಂದ ಸಮುದ್ರ ಮೇಲ್ಮೈ ಉಷ್ಣಾಂಶದಲ್ಲಾಗುವ ಬದಲಾವಣೆ: ಭಟ್ಕಳ, ಹೊನ್ನಾವರ ಮತ್ತು ಕುಮಟಾ ಕರಾವಳಿ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಮೀನುಗಾರರು, ದೋಣಿ ಮಾಲೀಕರು ಮತ್ತು ಸಾರ್ವಜನಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ವರ್ಷದ ಏರಿಳಿತ
ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಿಸಿಲು ಪ್ರಖರವಾಗಿದ್ದು, ಗಾಳಿಯು ಮಂದವಾಗಿರುತ್ತದೆ. ಈ ಅವಧಿಯಲ್ಲಿ ಮೇಲ್ಮೈ ನೀರಿನ ಉಷ್ಣಾಂಶವು ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಜೂನ್‌ನಲ್ಲಿ ನೈರುತ್ಯ ಮುಂಗಾರು ಆರಂಭವಾದ ನಂತರ ಕೆಲವು ಡಿಗ್ರಿಗಳಷ್ಟು ಇಳಿಯುತ್ತದೆ.

2. ಗಾಳಿಯಿಂದ ನೀರು ತಂಪಾಗುವ ವಿಧಾನ
ಅ) ಬಲವಾದ ಗಾಳಿಯು ನೀರನ್ನು ಹೆಚ್ಚು ಆವಿಯಾಗಿಸಿ ಮೇಲ್ಮೈ ಶಾಖವನ್ನು ಕಡಿಮೆ ಮಾಡುತ್ತದೆ.
ಆ) ಅಲೆಗಳ ಹೊಡೆತದಿಂದ ಮೇಲಿನ ಬೆಚ್ಚನೆಯ ನೀರು ಕೆಳಗಿನ ತಣ್ಣೀರಿನೊಡನೆ ಬೆರೆಯುತ್ತದೆ.
ಇ) ಉತ್ತರದ ಕಡೆಯಿಂದ ದಡಕ್ಕೆ ಸಮಾನಾಂತರವಾಗಿ ಬೀಸುವ ಗಾಳಿಯು, ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದರ ಪರಿಣಾಮವಾಗಿ, ಮೇಲ್ಮೈ ನೀರನ್ನು ದಡದಿಂದ ದೂರ ಸರಿಸುತ್ತದೆ. ಆ ಸ್ಥಳವನ್ನು ಆಳದ ತಣ್ಣೀರು ತುಂಬುತ್ತದೆ. ಈ ಕ್ರಿಯೆಯು ಕೇರಳ ಕರಾವಳಿಯಲ್ಲಿ ಪ್ರಬಲವಾಗಿದ್ದು, ಉತ್ತರಕ್ಕೆ ಸಾಗಿದಂತೆ ಕ್ಷೀಣಿಸುತ್ತದೆ.

ಶರಾವತಿ ಹಾಗೂ ಅಘನಾಶಿನಿ ನದಿಗಳ ಮಳೆಗಾಲದ ಸಿಹಿನೀರು ಹಗುರವಾಗಿದ್ದು ಮೇಲ್ಪದರದಲ್ಲಿ ಹರಡುವುದರಿಂದ, ಅಳಿವೆಗಳ ಸಮೀಪದಲ್ಲಿ ನೀರಿನ ಬೆರೆಯುವಿಕೆಯು ಕಡಿಮೆಯಾಗಬಹುದು.

3. ಚಂಡಮಾರುತಗಳು
ಸಾಮಾನ್ಯವಾಗಿ 26.5 ಡಿಗ್ರಿಗಿಂತ ಹೆಚ್ಚು ಬೆಚ್ಚಗಿರುವ ನೀರಿನಿಂದ ಚಂಡಮಾರುತವು ಶಕ್ತಿ ಪಡೆಯುತ್ತದೆ. ಸಾಗಿದ ಪಥದಲ್ಲಿ, ವಿಶೇಷವಾಗಿ ಅದರ ಬಲಭಾಗದಲ್ಲಿ, ನೀರನ್ನು ತಂಪಾಗಿಸುತ್ತದೆ. ಆದರೆ ತಳದವರೆಗೂ ಬೆಚ್ಚಗಿರುವ ಆಳವಿಲ್ಲದ ನೀರಿನಲ್ಲಿ ಈ ಇಳಿಕೆಯು ಅಲ್ಪವಾಗಿರುತ್ತದೆ. 2021ರ ಮೇ ತಿಂಗಳಲ್ಲಿ 'ತೌಕ್ತೆ' ಚಂಡಮಾರುತವು ಬೆಚ್ಚಗಿದ್ದ ಅರಬ್ಬೀ ಸಮುದ್ರದಲ್ಲಿ ತೀವ್ರಗೊಂಡು, ಕರ್ನಾಟಕದ ಕರಾವಳಿಗೆ ಸಮಾನಾಂತರವಾಗಿ ಸಾಗಿ, ಮೇ 17ರಂದು ಗುಜರಾತ್ ತೀರವನ್ನು ತಲುಪಿತು. ದಡವನ್ನು ಇಲ್ಲಿ ದಾಟದಿದ್ದರೂ ಜಿಲ್ಲೆಯ ಕರಾವಳಿಯಲ್ಲಿ ಮನೆಗಳಿಗೂ ದೋಣಿಗಳಿಗೂ ಹಾನಿಯುಂಟಾಯಿತು.

4. ಮೀನುಗಾರಿಕೆಯ ಮೇಲೆ ಪರಿಣಾಮ
ಆಳದಿಂದ ಬರುವ ನೀರು ಪೋಷಕಾಂಶಗಳನ್ನು ತರುವುದರಿಂದ ಬೂತಾಯಿ, ಬಂಗಡೆ ಮೀನುಗಳಿಗೆ ಆಹಾರವಾದ ಪ್ಲವಕಗಳು ವೃದ್ಧಿಸುತ್ತವೆ. ಆದರೆ ಇಂತಹ ನೀರಿನಲ್ಲಿ ಆಮ್ಲಜನಕವು ಕಡಿಮೆಯಿದ್ದಲ್ಲಿ ತಳವಾಸಿ ಮೀನುಗಳು ಸ್ಥಳ ಬದಲಿಸುತ್ತವೆ.

5. ಮುನ್ಸೂಚನೆ ಪಡೆಯುವ ಬಗ್ಗೆ
ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು (ಇನ್‌ಕಾಯಿಸ್) ಉಪಗ್ರಹಗಳಿಂದ ದೊರೆಯುವ ಉಷ್ಣಾಂಶ ಮತ್ತು ಹರಿತ್ತಿನ ಮಾಹಿತಿಯನ್ನು ಆಧರಿಸಿ, ಮೀನು ದೊರೆಯಬಹುದಾದ ವಲಯಗಳ ಸೂಚನೆಯನ್ನು ಉಚಿತವಾಗಿ ನೀಡುತ್ತದೆ. ದಟ್ಟ ಮೋಡವಿದ್ದಲ್ಲಿ ಹಾಗೂ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಈ ಸೂಚನೆಯು ಲಭ್ಯವಿರುವುದಿಲ್ಲ. ಸದರಿ ಸೂಚನೆಯು ಮೀನಿನ ಲಭ್ಯತೆಯನ್ನು ಮಾತ್ರ ತಿಳಿಸುತ್ತದೆ; ಸಮುದ್ರವು ಸುರಕ್ಷಿತವೆಂಬುದಕ್ಕೆ ಅದು ಆಧಾರವಲ್ಲ. ಆದ್ದರಿಂದ ಹೊರಡುವ ಮುನ್ನ ಭಾರತ ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ತಪ್ಪದೇ ಗಮನಿಸತಕ್ಕದ್ದು. ಸಮುದ್ರಕ್ಕೆ ಇಳಿಯದಂತೆ ಎಚ್ಚರಿಕೆಯಿದ್ದಲ್ಲಿ, ನೀರು ಶಾಂತವಾಗಿ ಕಂಡರೂ ದೋಣಿಗಳನ್ನು ಹೊರಡಿಸಬಾರದು.

ಹೆಚ್ಚಿನ ಮಾಹಿತಿಗೆ ಸಂಬಂಧಪಟ್ಟ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಬಹುದು. ಸಮುದ್ರದಲ್ಲಿ ಅಪಾಯ ಸಂಭವಿಸಿದಲ್ಲಿ ತಟರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093 ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ಕೂಡಲೇ ಕರೆ ಮಾಡುವುದು.